ಬಾಟಲಿಯಲ್ಲಿ ಬಂದ ಪ್ರಶ್ನೆ

ನಮ್ಮ ಕಡೆಯ ವೇದಿಕೆಗಳಲ್ಲಿ ಧನ್ಯವಾದ ಎಂದರೆ ಸಣ್ಣ ವಿಷಯವಲ್ಲ. ಅಧ್ಯಕ್ಷರನ್ನು ಬಿಟ್ಟರೂ ನಡೆದೀತು, ಮೈಕ್‌ನವರನ್ನು ಬಿಟ್ಟರೆ ಮುಂದಿನ ಸಲ ಮೈಕ್ ಮಾತಾಡುವುದಿಲ್ಲ. ನಾನು ಮೂಡಬಿದಿರೆಯವಳು, ಬಂಟ್ವಾಳದ ಹತ್ತಿರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಇಷ್ಟು ವರ್ಷಗಳಲ್ಲಿ ಎಷ್ಟು ಧನ್ಯವಾದಗಳನ್ನು ಕೇಳಿದ್ದೇನೋ ದೇವರಿಗೇ ಗೊತ್ತು. ಆದರೆ ಕಳೆದ ವರ್ಷದ ಒಂದು ಧನ್ಯವಾದ ನನಗೆ ತರಿಸಿದಷ್ಟು ಸಿಟ್ಟನ್ನು ಬೇರೆ ಯಾವುದೂ ತರಿಸಿಲ್ಲ. ಅದೇ ದಿನ ಸಂಜೆಯ ಖುಷಿಯನ್ನೂ ನಾನು ಮರೆತಿಲ್ಲ.

ಜೀವಕೋಶದ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿಯೊಬ್ಬರು ಬೆಂಗಳೂರಿನಿಂದ ಬಂದಿದ್ದರು. ಹೆಂಗಸು, ನನ್ನದೇ ಪ್ರಾಯ. 'ವಿಜ್ಞಾನಿಯೊಂದಿಗೆ ಸಂವಾದ' ಎಂದು ವೇದಿಕೆಯ ಹಿಂದೆ ಇಷ್ಟುದ್ದದ ಬ್ಯಾನರು. ಆ ಸಂವಾದಕ್ಕಾಗಿ ತಿಂಗಳಿಂದ ಕಾಯುತ್ತಿದ್ದವಳು ನೆರಿಯದ ಕಡೆಯ ನನ್ನ ವಿದ್ಯಾರ್ಥಿನಿ. ಪದವಿಯ ಕೊನೆಯ ವರ್ಷ, ಹಾಸ್ಟೆಲಿನಲ್ಲಿದ್ದಳು. ಅವಳ ಊರಿನ ಮದಕದಲ್ಲಿ, ಅಂದರೆ ಹಳೆಯ ಕೆರೆಯಲ್ಲಿ, ಹೈಡ್ರಿಲ್ಲಾ ಎಂಬ ಕಳೆ ನೀರಿನೊಳಗೇ ಬೆಳೆಯುತ್ತದೆ. ಅದರ ಎಲೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಪ್ರತಿಯೊಂದು ಕೋಶದೊಳಗೂ ಹಸಿರು ಕಣಗಳು ಸಾಲಾಗಿ ಗೋಡೆ ಹಿಡಿದು ಸುತ್ತುತ್ತವೆ. ಎಲ್ಲರೂ ನೋಡುತ್ತಾರೆ, ಚಿತ್ರ ಬರೆಯುತ್ತಾರೆ, ಕ್ಯಾಂಟೀನಿಗೆ ಹೋಗುತ್ತಾರೆ. ಇವಳು ಹೋಗಲಿಲ್ಲ. ಎಲೆಯನ್ನು ಇಟ್ಟ ಕೂಡಲೇ ಕಣಗಳು ಸುಮ್ಮನಿರುತ್ತವೆ, ಸ್ವಲ್ಪ ಹೊತ್ತಾದ ಮೇಲೆ ಓಡುತ್ತವೆ ಎನ್ನುವುದನ್ನು ಅವಳು ಗಮನಿಸಿದ್ದಳು.

"ಮೇಡಂ, ಇದು ಯಾವಾಗ್ಲೂ ಓಡ್ತದಾ? ಅಲ್ಲ ನಾವು ಎಲೆ ಕಿತ್ತು, ಲೈಟ್ ಹಾಕಿದ್ದಕ್ಕೆ ಹೆದರಿ ಓಡ್ತದಾ?"

ನನಗೆ ಸರಿಯಾಗಿ ಗೊತ್ತಿರಲಿಲ್ಲ. "ಬರುವವರನ್ನೇ ಕೇಳುವ" ಎಂದೆ.

ಪ್ರಶ್ನೆಯ ಹಿಂದೆ ಇನ್ನೊಂದು ಆಸೆಯೂ ಇತ್ತು. ಬೇಸಿಗೆ ರಜೆಯಲ್ಲಿ ಇಂಥ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಎರಡು ತಿಂಗಳು ಕೆಲಸ ಕಲಿಯಬೇಕು. ಮನೆಯಲ್ಲಿ ಎಲ್ಲರೂ ಬಿ.ಎಡ್. ಎನ್ನುತ್ತಿದ್ದರು. ಅಪ್ಪ ಮಾತ್ರ, "ಅವರಾಗಿ ಕರೆದ್ರೆ ಹೋಗು, ಕರೆಯದೆ ಹೋಗುವುದು ಬೇಡ" ಎಂದಿದ್ದರಂತೆ. ಕರೆಯದೆ ಮದುವೆಗೂ ಹೋಗದ ಜನ ನಾವು. ಸರಿ, ನಾನು ಒಂದು ಮಾತು ಹೇಳಿಬಿಡುತ್ತೇನೆ ಎಂದರೆ ಹುಡುಗಿ ಬಿಲ್‌ಕುಲ್ ಒಪ್ಪಲಿಲ್ಲ. "ನೀವು ಬಾಯಿ ಬಿಡ್ಬೇಡಿ ಮೇಡಂ. ಹೇಳಿ ಕರೆಸಿಕೊಂಡ ಹಾಗೆ ಆಗ್ತದೆ." ಅಪ್ಪನಿಗೆ ತಕ್ಕ ಮಗಳು!

ಕಾರ್ಯಕ್ರಮ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಸ್ತಾವನೆ. ಅತಿಥಿಗಳ ಪರಿಚಯವೇ ಅತಿಥಿಗಳ ಭಾಷಣದಷ್ಟು ಉದ್ದ. ಕೋಶದೊಳಗೆ ಸಾಮಾನು ಹೇಗೆ ಸಾಗುತ್ತದೆ ಎಂದು ಆ ತಾಯಿ ಎಷ್ಟು ಚೆನ್ನಾಗಿ ಹೇಳಿದರು! ಹಿಂದಿನ ಬೆಂಚಿನವರೂ ಮೊಬೈಲ್ ಕೆಳಗಿಟ್ಟರು. ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಎಲ್ಲದರ ಫೋಟೋ. ಅದರ ಮೇಲೆ ಅಧ್ಯಕ್ಷರು ತಮ್ಮ ಬಾಲ್ಯದಿಂದ ಆರಂಭಿಸಿದರು. ಅವರು ಹೈಸ್ಕೂಲಿಗೆ ಬರುವಷ್ಟರಲ್ಲಿ ಸಮಯ ಮುಗಿದಿತ್ತು. ಘಾಟಿಯ ಮೇಲಿನ ಕಾಡಿಗೆ ಕೆಲಸಕ್ಕೆ ಬಂದಿದ್ದ ಅತಿಥಿಗಳ ತಂಡದ ಜೀಪು ಅವರನ್ನು ಕರೆದೊಯ್ಯಲು ಘಾಟಿ ಇಳಿದು ಚಾರ್ಮಾಡಿಗೆ ಬರುವುದಿತ್ತು. ಮಂಜು ಕವಿಯುವ ಮೊದಲು ಮತ್ತೆ ಮೇಲೆ ಹತ್ತಬೇಕು. "ಸಂವಾದ ಇನ್ನೊಮ್ಮೆ ಇಟ್ಟುಕೊಳ್ಳುವ, ಈಗ ಧನ್ಯವಾದ" ಎಂದು ನಿರೂಪಕರು ಘೋಷಿಸಿಯೇ ಬಿಟ್ಟರು.

ಧನ್ಯವಾದ ಯಾರದ್ದು? ಅದೇ ಹುಡುಗಿಯದ್ದು! ಕನ್ನಡ ಚಂದ ಮಾತಾಡುತ್ತಾಳೆ ಎಂದು ಅವಳಿಗೇ ಒಪ್ಪಿಸಿದ್ದರು. ಬೇಗ ಮುಗಿಸಿದರೆ ಒಂದು ಪ್ರಶ್ನೆಗಾದರೂ ಸಮಯ ಸಿಕ್ಕೀತು ಎಂದು ನಾನು ಕೆಳಗಿನಿಂದ ಕಣ್ಣುಬಾಯಿ ಬಿಟ್ಟು ಸನ್ನೆ ಮಾಡಿದೆ. ಅವಳು ನನ್ನತ್ತ ನೋಡಿದಳು, ಪಾಪ, ಮುಖ ಬಾಡಿತ್ತು. ಆದರೂ ಒಬ್ಬರನ್ನೂ ಬಿಡಲಿಲ್ಲ. ಆಡಳಿತ ಮಂಡಳಿ, ರಂಗೋಲಿ ಹಾಕಿದವರು, ಕುರ್ಚಿ ಜೋಡಿಸಿದವರು, ಮೈಕ್‌ನವರು, ಕೊನೆಗೆ 'ಶಾಂತರೀತಿಯಿಂದ ಸಹಕರಿಸಿದ' ನಾವೆಲ್ಲರೂ. ನಾನು ಶಾಂತರೀತಿಯಿಂದೇನೂ ಇರಲಿಲ್ಲ, ಹಲ್ಲು ಕಡಿಯುತ್ತಿದ್ದೆ.

ಅತಿಥಿಗಳನ್ನು ಚಾರ್ಮಾಡಿಗೆ ಬಿಡುವ ಕೆಲಸ ನನ್ನದಾಗಿತ್ತು. ಊಟ ಮುಗಿಸಿ ಕಾರಿನ ಹತ್ತಿರ ಬಂದರೆ ಹುಡುಗಿ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಿದ್ದಳು. ಶನಿವಾರ, ಊರಿಗೆ ಹೋಗುವ ದಿನ. ಕೈಯಲ್ಲಿ ಸೋಡಾ ಬಾಟಲಿ, ಬಾಟಲಿಯಲ್ಲಿ ನೀರು, ನೀರಿನಲ್ಲಿ ಕಳೆ.

"ಕೂತ್ಕೋ ಮಾರಾಯ್ತಿ ಕಾರಲ್ಲಿ! ನಿನ್ನ ಊರಿನ ದಾರಿಯೇ ಅಲ್ವಾ?" ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಅವಳು ಗಪ್‌ಚಿಪ್ ಹಿಂದಿನ ಸೀಟಿಗೆ ಹತ್ತಿದಳು.

ಮಡಂತ್ಯಾರು ಬರುವಾಗ ಅತಿಥಿಗಳೇ ಹಿಂದೆ ತಿರುಗಿ, "ಅಷ್ಟು ಹುಷಾರಾಗಿ ಹಿಡ್ಕೊಂಡಿದ್ದೀರಲ್ಲ, ಏನದು ಬಾಟ್ಲೀಲಿ?" ಎಂದು ಕೇಳಿದರು.

ಅಷ್ಟೇ ಬೇಕಾಗಿತ್ತು. ಕಟ್ಟೆ ಒಡೆದ ಹಾಗೆ ಬಂತು ಪ್ರಶ್ನೆ. ವಿಜ್ಞಾನಿ ಪೂರ್ತಿ ಕೇಳಿಸಿಕೊಂಡರು. "ಗಾಯ ಆದ್ರೆ ಓಟ ಜಾಸ್ತಿ ಆಗುತ್ತೆ ಅಂತ ಹಳಬರು ಬರೆದಿದ್ದಾರೆ. ನೀವು ಓದಿದ್ರಾ?"

"ಇಲ್ಲ, ನೋಡಿದ್ದು."

"ಎಲೆ ಕೀಳದೆ ನೋಡಿದ್ದೀರಾ?"

"ಒಮ್ಮೆ ನೋಡಿದ್ದೇನೆ. ಆದ್ರೆ ಒಬ್ಳೇ ನೋಡಿದ್ದು, ನಂಬಿಕೆ ಬರ್ಲಿಲ್ಲ."

"ಈಗ ನೋಡೋಕಾಗುತ್ತಾ?"

ಶಾಲೆಗಳಿಗೆ ಹೋದಾಗ ಮಕ್ಕಳಿಗೆ ತೋರಿಸಲೆಂದು ನನ್ನ ಕಾರಿನ ಡಿಕ್ಕಿಯಲ್ಲಿ ಹಳೆಯ ಮೈಕ್ರೋಸ್ಕೋಪು ಯಾವಾಗಲೂ ಇರುತ್ತದೆ. ಕನ್ನಡಿಯದ್ದು, ಕರೆಂಟು ಬೇಡ. ಪೇಟೆಯ ಒಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆ. ಬಾಗಿಲ ಬದಿಯ ಮೇಜಿನ ಮೇಲೆ ಮೈಕ್ರೋಸ್ಕೋಪನ್ನಿಟ್ಟು, ಅಂಗಳದ ಬೆಳಕಿಗೆ ಕನ್ನಡಿ ತಿರುಗಿಸಿದೆವು. ಹುಡುಗಿ ಕಳೆಯ ಒಂದು ಇಡೀ ಎಳೆಯನ್ನು ಗಾಜಿನ ಪಟ್ಟಿಯ ಮೇಲೆ ಮಲಗಿಸಿದಳು, ಅದರ ಬುಡ ಮಾತ್ರ ಗ್ಲಾಸಿನ ನೀರಿನಲ್ಲಿ. ಒಂದು ಎಲೆಯನ್ನೂ ಕೀಳಲಿಲ್ಲ. ವಿಜ್ಞಾನಿ ಬನ್ಸು ತಿಂದ ಕೈಯನ್ನು ಸೀರೆಗೆ ಒರೆಸಿ ಬಗ್ಗಿದರು.

"ನಿಂತಿವೆ" ಎಂದರು.

ಆಮೇಲೆ ಹುಡುಗಿ ಒಂದು ಎಲೆ ಕಿತ್ತು ಬೇರೆ ಪಟ್ಟಿಯ ಮೇಲಿಟ್ಟಳು. ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದೆವು. ಅಷ್ಟರಲ್ಲಿ ಹೋಟೆಲಿನ ಯಜಮಾನರು ಗಲ್ಲಾ ಬಿಟ್ಟು ಬಂದು ನಿಂತಿದ್ದರು. "ಉಂದು ದಾದ?" ಎಂದು ಕೇಳಿದರು, ಇದೇನು ಎಂದು. ನೋಡಿ ಎಂದು ಜಾಗ ಬಿಟ್ಟೆ. ಅವರು ಒಂದು ಕಣ್ಣು ಮುಚ್ಚಿ ಬಗ್ಗಿದವರು ಕೂಗಿಯೇಬಿಟ್ಟರು: "ಬಲಿಪೊಂದುಂಡು ಮಾರಾಯ್ರೆ! ಓಡ್ತಾ ಉಂಟು!"

ಮತ್ತೆ ಕೇಳಬೇಕೇ! ಗೋಳಿಬಜೆ ತಿನ್ನುತ್ತಿದ್ದವರು, ಪಾರ್ಸೆಲಿಗೆ ನಿಂತವರು, ಎಲ್ಲರೂ ಸಾಲು. "ಎಲೆಗೆ ಜೀವ ಉಂಟು ಅಂತ ಗೊತ್ತಿತ್ತು, ಇಷ್ಟು ಗಡಿಬಿಡಿ ಉಂಟು ಅಂತ ಗೊತ್ತಿರ್ಲಿಲ್ಲ" ಎಂದರು ಒಬ್ಬರು. ಹುಡುಗಿ ಪ್ರತಿಯೊಬ್ಬರಿಗೂ ತುಳುವಿನಲ್ಲಿ ವಿವರಿಸುತ್ತಿದ್ದಳು, ವಿಜ್ಞಾನಿ ಅವಳನ್ನೇ ನೋಡುತ್ತಿದ್ದರು. ಬೆಳಿಗ್ಗೆ ಸಭಾಂಗಣದಲ್ಲಿ ಆಗದ ಸಂವಾದ ಇಲ್ಲಿ ಹೋಟೆಲಿನಲ್ಲಿ ಆಗುತ್ತಿತ್ತು. ನನಗೆ ಕುಣಿಯಬೇಕೆನಿಸಿತು.

ಕೊನೆಗೆ ವಿಜ್ಞಾನಿ ಕೀಳದ ಎಲೆಯನ್ನು ಇನ್ನೊಮ್ಮೆ ನೋಡಿದರು. ಅದರ ಅಂಚಿನ ಕೆಲವು ಕೋಶಗಳಲ್ಲೂ ಈಗ ಕಣಗಳು ಮೆಲ್ಲಗೆ ಹೊರಟಿದ್ದವು. ಹುಡುಗಿಯ ಮುಖ ಸಣ್ಣದಾಯಿತು. ವಿಜ್ಞಾನಿ ಮಾತ್ರ ಅರಳಿದರು.

"ಬೆಳಕಿಗಾ? ಶಾಖಕ್ಕಾ? ಕಾರಲ್ಲಿ ಕುಲುಕಿದ್ದಕ್ಕಾ? ನನಗೆ ಗೊತ್ತಿಲ್ಲ. ಒಂದೊಂದನ್ನೇ ಬೇರೆ ಮಾಡಿ ನೋಡ್ಬೇಕು" ಎಂದರು. ವೇದಿಕೆಯಲ್ಲಿ ಕೂತ ಯಾರ ಬಾಯಲ್ಲೂ ಗೊತ್ತಿಲ್ಲ ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಅಲ್ಲಿಂದ ಬೆಳ್ತಂಗಡಿ ದಾಟಿ ಚಾರ್ಮಾಡಿಯವರೆಗೆ ಇಬ್ಬರದೂ ಎಡೆಬಿಡದ ಮಾತು. ಬೆಳಕಿಗೆ ಬಣ್ಣದ ಕಾಗದ ಅಡ್ಡ ಇಡುವುದು, ನೀರು ತಣ್ಣಗಿಡುವುದು, ಬೇರೆಯವರು ಒಪ್ಪದಿದ್ದರೆ ಏನು ಮಾಡುವುದು. "ಒಪ್ಪದವರನ್ನೇ ಕರೆದು ತೋರಿಸ್ಬೇಕು, ನಮ್ಮ ಕೆಲಸ ನಡೆಯೋದೇ ಹಾಗೆ" ಎಂದರು ಅವರು. ಎಲ್ಲ ಸರಿ, 'ಬಾ' ಎಂಬ ಒಂದು ಮಾತು ಮಾತ್ರ ಇಲ್ಲ! ನನಗೆ ಬಾಯಿ ತುರಿಸುತ್ತಿತ್ತು. ಕನ್ನಡಿಯಲ್ಲಿ ಹುಡುಗಿ ನನ್ನನ್ನೇ ಗುರಾಯಿಸುತ್ತಿದ್ದಳು. ನಾಲಿಗೆ ಕಚ್ಚಿಕೊಂಡು ಗೇರು ಬದಲಿಸಿದೆ.

ಚಾರ್ಮಾಡಿಯಲ್ಲಿ ಜೀಪು ಕಾಯುತ್ತಿತ್ತು. ಹಣ್ಣಿನ ಬುಟ್ಟಿ, ಸ್ಮರಣಿಕೆ, ಶಾಲು ಎಲ್ಲ ಏರಿದವು. ವಿಜ್ಞಾನಿ ಹತ್ತಿ ಕೂತರು, ಕೈ ಮುಗಿದರು. ಆಯಿತಲ್ಲ, ಮುಗಿಯಿತು ಎಂದುಕೊಂಡೆ. ಆಗ ಅವರು ಕಿಟಕಿಯಿಂದ ಕೈ ಚಾಚಿದರು.

"ಆ ಬಾಟ್ಲಿ ನನಗೆ ಕೊಡ್ತೀರಾ? ಲ್ಯಾಬಲ್ಲಿ ನೋಡ್ತೀನಿ."

ಹುಡುಗಿ ಬಾಟಲಿಯನ್ನು ಎದೆಗೆ ಒತ್ತಿಕೊಂಡಳು. ಬೆಳಿಗ್ಗೆ ಕುರ್ಚಿ ಜೋಡಿಸಿದವರನ್ನೂ ಬಿಡದೆ ವಂದಿಸಿದ್ದ ಹುಡುಗಿ ಹೇಳಿದಳು: "ಕೊಡ್ಲಿಕ್ಕೆ ಆಗುವುದಿಲ್ಲ ಮೇಡಂ. ಪ್ರಶ್ನೆ ನನ್ನದು. ಬೇಕಾದ್ರೆ ನಾನೇ ತರ್ತೇನೆ."

ಅಯ್ಯೋ ದೇವರೇ, ಎಲ್ಲ ಹಾಳಾಯಿತು ಎಂದು ನಾನು ಕಾರಿಗೆ ಒರಗಿದೆ. ವಿಜ್ಞಾನಿ ಜೀಪಿನ ಡ್ರೈವರ್ ತಿರುಗಿ ನೋಡುವಷ್ಟು ಜೋರಾಗಿ ನಕ್ಕರು.

"ಹಾಗಾದ್ರೆ ತನ್ನಿ. ಪರೀಕ್ಷೆ ಮುಗಿದ ಕೂಡ್ಲೇ. ಎರಡು ತಿಂಗಳಿಗೆ ಬಟ್ಟೆ ತನ್ನಿ, ಗಿಡ ಸ್ವಲ್ಪ ಜಾಸ್ತಿ ತನ್ನಿ."

ಜೀಪು ಮೊದಲ ತಿರುವಿನಲ್ಲಿ ಮರೆಯಾಯಿತು. ಹುಡುಗಿ ನಿಂತಲ್ಲೇ ನಿಂತಿದ್ದವಳು ಒಮ್ಮೆಲೇ ತಲೆಯ ಮೇಲೆ ಕೈ ಹೊತ್ತಳು.

"ಮೇಡಂ! ಥ್ಯಾಂಕ್ಸ್ ಹೇಳ್ಲಿಕ್ಕೇ ಮರೆತೆ!"

"ಬೆಳಿಗ್ಗೆ ಹೇಳಿದ್ದು ಸಾಕು ಮಾರಾಯ್ತಿ, ಇನ್ನು ಹತ್ತು ವರ್ಷಕ್ಕೆ ಬೇಡ!" ಎಂದೆ. ಹೇಳುವಾಗ ನನ್ನ ಕಣ್ಣು ತುಂಬಿತ್ತು, ಇಬ್ಬರೂ ರಸ್ತೆ ಬದಿಯಲ್ಲಿ ನಿಂತು ನಗುತ್ತಿದ್ದೆವು.

ನೆರಿಯದ ತಿರುವಿನಲ್ಲಿ ಇಳಿಯುವಾಗ ಅವಳು ಬಾಗಿಲು ಹಿಡಿದು ಕೇಳಿದಳು: "ಮೇಡಂ, ಅಪ್ಪನ ಹತ್ರ, ಅವರಾಗಿಯೇ ಕರೆದ್ರು ಅಂತ ಹೇಳ್ಬಹುದಲ್ಲ?"

"ಧಾರಾಳ ಹೇಳು. ನಾನು ಸಾಕ್ಷಿ" ಎಂದೆ.