ಕೋಚ್ ಹೊರಗೆ ಕರೆದಿದ್ದರು

ಕಳೆದ ಗುರುವಾರ ದುಬೈಯ ಊದ್ ಮೇಥಾದಲ್ಲಿರುವ ನಮ್ಮ ಕ್ಲಿನಿಕ್ಕಿಗೆ ಕಾಲು ಉಳುಕಿಸಿಕೊಂಡ ಯುವಕನೊಬ್ಬ ಬಂದಿದ್ದ. ಬರುವ ಮೊದಲೇ ಪಾದಕ್ಕೆ ನೋವಿನ ಸ್ಪ್ರೇ ಹೊಡೆದುಕೊಂಡಿದ್ದ. ಕರ್ಪೂರವೂ ಅಲ್ಲದ, ಪುದೀನವೂ ಅಲ್ಲದ ಆ ತಣ್ಣನೆಯ ವಾಸನೆ ಮೂಗಿಗೆ ತಾಗಿದಾಗ ಕೈಯಲ್ಲಿದ್ದ ಬ್ಯಾಂಡೇಜನ್ನು ಒಂದು ಗಳಿಗೆ ಕೆಳಗಿಟ್ಟೆ. ಕೋಚ್ ನೆನಪಾದರು.

ಕೋಚ್ ಎನ್ನುವುದು ಅವರ ಉದ್ಯೋಗವಲ್ಲ. ಅವರು ಭಟ್ಕಳದವರು, ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಮ್ಯಾನೇಜರ್. ನನ್ನ ಗಂಡ ಓದಿದ ಕರಾವಳಿಯ ಕಾಲೇಜಿನಲ್ಲಿ ಒಂದು ಕಾಲಕ್ಕೆ ಫುಟ್‌ಬಾಲ್ ಕ್ಯಾಪ್ಟನ್ ಆಗಿದ್ದವರು. ದುಬೈಯಲ್ಲಿರುವ ಹಳೆ ವಿದ್ಯಾರ್ಥಿಗಳ ತಂಡವನ್ನು ವಾರ ವಾರ ಓಡಿಸುತ್ತಿದ್ದರು, ಬೈಯುತ್ತಿದ್ದರು, ಆಟ ಮುಗಿದ ಮೇಲೆ ಎಲ್ಲರಿಗೂ ತಾವೇ ಸುಲೈಮಾನಿ ಚಹಾ ಬಗ್ಗಿಸಿ ಕೊಡುತ್ತಿದ್ದರು. ನಾನು ನರ್ಸ್ ಆದ್ದರಿಂದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನನ್ನ ಪಾಲಿಗೆ ಬಂದಿತ್ತು. ಆದರೂ ಸ್ಪ್ರೇ ಡಬ್ಬಿ ಅವರ ಜೇಬಿನಲ್ಲೇ ಇರಬೇಕು. ನನ್ನ ಪೆಟ್ಟಿಗೆಯ ಮೇಲೆ ಅವರಿಗೆ ಅಷ್ಟೇನೂ ನಂಬಿಕೆ ಇರಲಿಲ್ಲ.

ಊರಿನ ಕಾಲೇಜಿನಲ್ಲಿ ಫುಟ್‌ಬಾಲ್ ನಿಂತುಹೋಗಿತ್ತು. ಮೈದಾನದ ಅರ್ಧಕ್ಕೆ ಹೊಸ ಕಟ್ಟಡ ಎದ್ದಿತ್ತು. ಕಾಲೇಜಿನ ಹೆಸರಿನ ಜೆರ್ಸಿ ಉಳಿದದ್ದು ಇಲ್ಲಿ ಮಾತ್ರ. ಹಾಗಾಗಿ ಗೆರೆಯಾಚೆ ನಿಂತವರಿಗೆಲ್ಲ ಆಟದ ಬಗ್ಗೆ, ಕೋಚ್ ಬಗ್ಗೆ, ಮುಂದಿನ ದಿನಗಳ ಬಗ್ಗೆ ಒಂದೊಂದು ಅಭಿಪ್ರಾಯ. ಇವರು ಬರೀ ಗೋಲು ಕಾಯಿಸುತ್ತಾರೆ, ಗೆಲ್ಲಲು ಆಡಿಸುವುದಿಲ್ಲ ಎಂದು ಒಬ್ಬರು. ದುಡ್ಡು ಕೊಟ್ಟು ಹೊರಗಿನ ಕೋಚ್ ತರಬೇಕು ಎಂದು ಇನ್ನೊಬ್ಬರು. ಕೋಚ್ ಹೇಳುತ್ತಿದ್ದುದು ಒಂದೇ: ಇಲ್ಲಿ ಬೆಳೆದ ನಮ್ಮ ಮಕ್ಕಳನ್ನು ತಂಡಕ್ಕೆ ಸೇರಿಸಿ.

"ಕಾಲೇಜಿನ ಮೆಟ್ಟಿಲೇ ಹತ್ತದವರಿಗೆ ಎಂತ ಜೆರ್ಸಿ ಮಾರಾಯ್ರೆ?" ಎಂದು ಜನ ಕೇಳುತ್ತಿದ್ದರು.

"ನಿಮ್ಮ ಹೊಟ್ಟೆ ಹಿಡಿಸುವ ಜೆರ್ಸಿ ಸಿಗುವವರೆಗೆ ನೀವೇ ಆಡಿ. ಆಮೇಲೆ?" ಎನ್ನುತ್ತಿದ್ದರು ಕೋಚ್. ಎಲ್ಲರೂ ನಗುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು...

ತಂಡದಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಹೆಸರು ಕೊಟ್ಟ ಪ್ರತಿ ಬ್ಯಾಚಿನ ಒಬ್ಬನಾದರೂ ಮೈದಾನದಲ್ಲಿರಬೇಕು. ಒಬ್ಬನನ್ನು ಹೊರಗೆ ಕರೆದರೆ ಅದೇ ಬ್ಯಾಚಿನ ಮತ್ತೊಬ್ಬ ಒಳಗೆ ಹೋಗಬೇಕು. ಯಾರಿಗೂ ಬೇಸರವಾಗದಿರಲಿ ಎಂದು ಮಾಡಿಕೊಂಡದ್ದು. ಎಲ್ಲರಿಗಿಂತ ಹಿರಿಯ ಬ್ಯಾಚಿನಲ್ಲಿ ಇನ್ನೂ ಆಡುತ್ತಿದ್ದವನು ಒಬ್ಬನೇ, ನಮ್ಮ ಡಿಫೆಂಡರ್. ಅವನ ಗೆಳೆಯರೆಲ್ಲ ಡೋಲು ಹಿಡಿದು ಗೆರೆಯ ಬಳಿ ನಿಲ್ಲುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ಒಂದು ಏಪ್ರಿಲ್ ಸಂಜೆ, ಟೂರ್ನಿಯ ಫೈನಲ್. ಗಾಳಿಯಿಲ್ಲದ ಸೆಕೆ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ. ದ್ವಿತೀಯಾರ್ಧದಲ್ಲಿ ನಮಗೊಂದು ಫ್ರೀ ಕಿಕ್ ಸಿಕ್ಕಿತ್ತು. ಜನರ ಕಣ್ಣು, ಫೋನು ಎಲ್ಲ ಎದುರಾಳಿಯ ಗೋಲಿನ ಕಡೆ ಇದ್ದವು. ಕೋಚ್ ಮಾತ್ರ ಈ ಕಡೆ ನೋಡುತ್ತಿದ್ದರು. ಡಿಫೆಂಡರ್ ಮೊಣಕಾಲಿಗೆ ಕೈಯೂರಿ ಬಗ್ಗಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೋಚ್ ಕೈಯೆತ್ತಿ ಕರೆದರು. ಅವನು ಎದೆ ಉಜ್ಜಿಕೊಳ್ಳುತ್ತಾ ಗೆರೆಯವರೆಗೆ ಬಂದ.

"ಸಾಕು. ಕೂತ್ಕೋ," ಎಂದರು ಕೋಚ್.

"ಕೋಚ್, ಅವ ಬಂದ್ರೆ ನಮ್ಮ ಬ್ಯಾಚಿಗೆ ಯಾರುಂಟು? ನಮ್ಮ ಬ್ಯಾಚ್ ಖಲಾಸಾ?" ಎಂದು ಗೆಳೆಯರು ಕೂಗಿದರು. ಡೋಲು ಜೋರಾಯಿತು. ಕೋಚ್ ಅವನ ಜೆರ್ಸಿಯ ಅಂಚು ಹಿಡಿದುಕೊಂಡರು. ನಾನು ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದೆ. ಅವನು ನಕ್ಕ. "ಗ್ಯಾಸ್ ಕೋಚ್, ಮಧ್ಯಾಹ್ನದ ಬಿರಿಯಾನಿಯದ್ದು," ಎಂದು ಅವರ ಕೈ ಬಿಡಿಸಿಕೊಂಡು ಒಳಗೆ ಓಡಿದ. ನಾನು ಗೆರೆ ಮುಟ್ಟುವಷ್ಟರಲ್ಲಿ ಮುಗ್ಗರಿಸಿ ಬಿದ್ದ.

ಅವನ ಹೃದಯ ನಿಂತಿತ್ತು. ನಾನು ಎದೆ ಒತ್ತುತ್ತಿದ್ದೆ. ಮೈದಾನದ ಕಚೇರಿಯಿಂದ ಶಾಕ್ ಕೊಡುವ ಯಂತ್ರ ತಂದರು. ಆಂಬುಲೆನ್ಸ್ ಬಂತು. ಅವನು ಬದುಕಿದ.

ಆಮೇಲಿನದ್ದೇ ನನ್ನನ್ನು ಇಂದಿಗೂ ಕಾಡುವುದು. ಅಷ್ಟು ಸುಸ್ತಾದವನನ್ನು ಕೋಚ್ ಯಾಕೆ ಆಡಿಸಿದರು ಎಂದು ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದರು. ನಾನು ಕಂಡದ್ದನ್ನು ಕಂಡಂತೆ ಬರೆದೆ. ನೀರು ಕುಡಿಯಲು ಕರೆದದ್ದು ಅಂದುಕೊಂಡೆವು ಎಂದರು ಡೋಲಿನವರು. ಡಿಫೆಂಡರನನ್ನೇ ಕೇಳಿದರು. ಕಾರು ಪಾರ್ಕ್ ಮಾಡಿದ್ದಷ್ಟೇ ನೆನಪು, ಕೋಚ್ ಕರೆದದ್ದು ಗೊತ್ತಿಲ್ಲ ಎಂದ. ಅವನು ಸುಳ್ಳು ಹೇಳಲಿಲ್ಲ. ನಿಂತ ಹೃದಯ ಮತ್ತೆ ಹೊಡೆದುಕೊಂಡಾಗ ಅದಕ್ಕೆ ಮುಂಚಿನ ಕೆಲವು ಗಂಟೆಗಳು ಅಳಿಸಿಹೋಗುವುದನ್ನು ಹಿಂದೆ ಆಸ್ಪತ್ರೆ ಕೆಲಸದಲ್ಲಿದ್ದಾಗ ನಾನು ಕಂಡಿದ್ದೇನೆ. ಅದನ್ನೂ ಬರೆದೆ. ಬಿದ್ದವನೇ ಕರೆದಿಲ್ಲ ಅನ್ನುವಾಗ ಸಿಸ್ಟರ್ ಯಾಕೆ ವಾದ ಮಾಡುವುದು ಎಂದು ಉತ್ತರ ಬಂತು. ಹೊಸ ಕೋಚ್ ಬೇಕು ಎಂಬ ಸಂದೇಶದ ಕೆಳಗೆ ಹೆಬ್ಬೆಟ್ಟುಗಳು ಸಾಲುಗಟ್ಟಿದವು.

ಕೋಚ್ ಒಂದು ಮಾತನ್ನೂ ಬರೆಯಲಿಲ್ಲ. ಆಗಾಗ ಬಿ.ಪಿ. ನೋಡಿಸಲು ಕ್ಲಿನಿಕ್ಕಿಗೆ ಬರುತ್ತಿದ್ದರು. ತೋಳಿಗೆ ಪಟ್ಟಿ ಸುತ್ತುವಾಗ ಗೋಡೆ ನೋಡುತ್ತಾ ಕೇಳುತ್ತಿದ್ದರು, "ಸಿಸ್ಟರ್, ಅವನಿಗೆ ಏನಾದ್ರೂ ನೆನಪು ಬಂತಾ?"

ಇನ್ನು ಬರುವುದು ಕಷ್ಟ ಎಂದು ಒಮ್ಮೆ ನೇರವಾಗಿ ಹೇಳಿಬಿಟ್ಟೆ.

"ಅವ ಉಳಿದ, ಅದು ದೊಡ್ಡದು," ಎಂದರು. ಅಂಗಿಯ ತೋಳು ಕೆಳಗೆ ಎಳೆದುಕೊಳ್ಳುತ್ತಾ, "ಆದ್ರೆ ಮನೆಯಲ್ಲಿ ಮಗಳು ಕೇಳ್ತಾಳೆ. ಅಬ್ಬಾ, ನೀವು ಅವರನ್ನ ಹೊರಗೆ ಕರೀಲೇ ಇಲ್ವಾ ಅಂತ..."

ಕೆಲಸ ಮುಗಿದು ಅವರು ಭಟ್ಕಳಕ್ಕೆ ಮರಳಿದರು. ಕಳೆದ ವರ್ಷ ಅಲ್ಲಿಯೇ ತೀರಿಕೊಂಡರು. ಗುಂಪಿನಲ್ಲಿ ಸಂತಾಪದ ಮಾತುಗಳು ಬಂದವು. ಅವುಗಳ ಬೆನ್ನಿಗೇ ಮುಂದಿನ ಪಂದ್ಯದ ಚರ್ಚೆ ಶುರುವಾಯಿತು.

ಈ ವರ್ಷ ಆಡುವವರು ಸಾಲದೆ ಮಕ್ಕಳನ್ನು ಸೇರಿಸಿಕೊಂಡಿದ್ದಾರೆ. ಮೊನ್ನೆ ಶನಿವಾರ ಡಿಫೆಂಡರನ ಮಗಳೂ ಆಡಿದಳು. ಅವಳಪ್ಪ ಆಚೆ ಗೆಳೆಯರ ನಡುವೆ ನಿಂತಿದ್ದ. ಆಟದ ನಡುವೆ ಹೊಸ ಕೋಚ್ ಅವಳನ್ನು ಹೊರಗೆ ಕರೆದಾಗ ಅಲ್ಲಿಂದ ಕೂಗು ಎದ್ದಿತು. ಅವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ಅಂಕಲ್ಸ್ ಯಾಕೆ ಬೊಬ್ಬೆ ಹಾಕ್ತಾರೆ ಆಂಟಿ? ಐ ವಾಸ್ ಟಯರ್ಡ್. ಕೋಚ್ ಕರೆದ್ರು, ಬಂದೆ."

"ಬಿದ್ದ ದಿನ ನಿನ್ನ ಡ್ಯಾಡಿಯನ್ನೂ ಕೋಚ್ ಹೊರಗೆ ಕರೆದಿದ್ದರು," ಎಂದೆ.

ಅವಳು ನೀರು ಕುಡಿಯುವುದನ್ನು ನಿಲ್ಲಿಸಿ, ಗೆರೆಯ ಬಳಿ ನಿಂತಿದ್ದ ಹೊಸ ಕೋಚ್ ಕಡೆ ನೋಡಿದಳು.

"ಅವರಲ್ಲ," ಎಂದೆ.