ಬಿಸಿಲಿಗಿಟ್ಟ ನೀರು

ಗಾಂಧಿನಗರದ ನಮ್ಮ ಮನೆಯಲ್ಲಿ ಗೀಸರ್ ಹಾಕಿಸಿ ಆರು ವರ್ಷವಾಗಿತ್ತು. ಅವ್ವ ಒಂದು ದಿನವೂ ಅದರ ಸ್ವಿಚ್ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೊರಗಿನ ಮೆಟ್ಟಿಲು ಹತ್ತಿ, ಮಾಳಿಗೆಯ ಮೇಲೆ ಎರಡು ಕರಿ ಬಕೆಟ್‌ಗಳಿಗೆ ನೀರು ತುಂಬಿ, ಬಿಸಿಲಿಗಿಟ್ಟು, ತಾಟು ಮುಚ್ಚಿ ಬರುತ್ತಿದ್ದಳು. ಸಂಜೆ ಆ ನೀರಲ್ಲೇ ನಮ್ಮಿಬ್ಬರ ಸ್ನಾನ. ಒಂದು ಬಕೆಟ್ ನನಗೆ, ಇನ್ನೊಂದು ಆಕೆಗೆ. ಮಂಡಿನೋವು ಇಟ್ಟುಕೊಂಡು ಮೆಟ್ಟಿಲು ಯಾಕೆ ಹತ್ತುತ್ತೀ ಎಂದು ನಾನು ರೇಗಿದರೆ, "ಬಳ್ಳಾರಿ ಬಿಸಿಲು ಪುಗಸಟ್ಟಿ ಬರತೈತಿ. ಸೂರ್ಯಪ್ಪ ಏನ್ ಬಿಲ್ ಕಳಸ್ತಾನೇನಲೇ?" ಎನ್ನುತ್ತಿದ್ದಳು.

ಆ ದಿನವೂ ನೀರಿಟ್ಟು ಕೆಳಗೆ ಬಂದವಳು ಅಡುಗೆಮನೆಯಲ್ಲಿ ಕೂತಲ್ಲೇ ಹೋಗಿಬಿಟ್ಟಳು. ಮಧ್ಯಾಹ್ನ ಕುರುಗೋಡಿನ ನಮ್ಮ ಹೊಲದಲ್ಲಿ ಮಣ್ಣು ಮಾಡಿದೆವು. ನಾನು ಅಳಲಿಲ್ಲ. ಯಾರೋ ಕೈಗೆ ಹಿಡಿ ಮಣ್ಣು ಕೊಟ್ಟರು, ಹಾಕಿದೆ. ಯಾರೋ ಕಾರು ಹತ್ತು ಎಂದರು, ಹತ್ತಿದೆ.

ಹೊತ್ತು ಮುಳುಗುವಾಗ ಮನೆಗೆ ಬಂದರೆ, ಸಿರುಗುಪ್ಪದಿಂದ ಬಂದಿದ್ದ ಅವ್ವನ ತಂಗಿ ಬಾಗಿಲಲ್ಲೇ ತಡೆದಳು. "ಮೈಮ್ಯಾಲೆ ನೀರು ಹಾಕ್ಕೊಳ್ಳದ ಒಳಗ ಬರಬ್ಯಾಡಪ್ಪಾ."

ಒಳಗೆ ಹೋಗದೆ ಗೀಸರ್ ಹಾಕುವುದು ಹೇಗೆ? ಹೊರಗಿನ ಮೆಟ್ಟಿಲು ಹತ್ತಿದೆ. ಎರಡೂ ಬಕೆಟ್‌ಗಳು ಅವ್ವ ಮುಚ್ಚಿಟ್ಟ ಹಾಗೇ ಇದ್ದವು. ನೀರು ಹದವಾಗಿ ಕಾದಿತ್ತು.

ನನ್ನ ಬಕೆಟ್ ಖಾಲಿ ಮಾಡಿದೆ. ಆಕೆಯದರ ಮುಂದೆ ಸ್ವಲ್ಪ ಹೊತ್ತು ನಿಂತೆ. ಚೆಲ್ಲಿದರೆ ಬೈಯುತ್ತಾಳೆ ಅನ್ನಿಸಿತು. ಅದನ್ನೂ ಸುರಿದುಕೊಂಡೆ.