ಗೊರವಂಕಗಳಿಗೆ ಹಾಕಿದ ಅನ್ನ

ಪಕ್ಕದ ಮನೆಯವನಿಗೆ ಗೊರವಂಕಗಳೆಂದರೆ ಬಲು ಪ್ರೀತಿ. ಯಳಂದೂರಿನ ನಮ್ಮ ಬೀದಿಯಲ್ಲಿ ದಿನಾ ಬೆಳಿಗ್ಗೆ ನಾನು ಅಂಗಳ ಗುಡಿಸಿ ಮುಗಿಸುವ ಹೊತ್ತಿಗೆ ಅವನು ಬೇಲಿಯ ಪಕ್ಕ ಅವುಗಳಿಗೆ ಅನ್ನ ಚೆಲ್ಲುತ್ತಿದ್ದ.

ಒಂದು ಸಲ, ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟೆಗಳಿಗೆ ಬಿಟ್ಟು, ಅವನ್ನು ಅಂಗಳದ ನೆರಳಿನಲ್ಲಿ ಒರಗಿಸಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಹಕ್ಕಿಗಳು ಬೇಲಿ ದಾಟಿ ಬಂದು ಹುಳುಗಳನ್ನೆಲ್ಲ ಹೆಕ್ಕಿ ತಿನ್ನುತ್ತಿದ್ದವು. ಒಂದು ತಿಂಗಳ ದುಡಿಮೆ ಅವುಗಳ ಕೊಕ್ಕಿನಲ್ಲಿತ್ತು. ಅನ್ನ ಹಾಕುವುದನ್ನು ನಿಲ್ಲಿಸು ಎಂದರೆ ಅವನು ನಕ್ಕ.

“ಅವ್ಕೂ ಒಟ್ಟೆ ಇಲ್ವಾ ಸಾ? ತಿನ್ಲಿ ಬುಡಿ.”

ಚಂದ್ರಿಕೆಗಳ ಮೇಲೆ ಹೊದಿಸಲೆಂದು ನಾನು ಕೊಳ್ಳೇಗಾಲದಿಂದ ದೊಡ್ಡ ಬಲೆ ತಂದೆ. ಪ್ರತಿ ಬೆಳೆ ಮುಗಿದ ಮೇಲೆ ಅದನ್ನು ಒಗೆದು, ಮಡಿಸಿ, ಅದರ ಜಾಗದಲ್ಲೇ ಇಡುತ್ತೇನೆ.

ಈ ಬೇಸಿಗೆಯಲ್ಲಿ ಬೇಲಿಯ ಆಚೆಗಿದ್ದ ಅವನ ಪರಂಗಿ ಹಣ್ಣಾಯಿತು. ಮಾರಬೇಕೆಂದಿದ್ದ ಹಣ್ಣುಗಳನ್ನು ಅವನ ಗೊರವಂಕಗಳೇ ಕುಕ್ಕಿ ಹಾಳು ಮಾಡಿದವು. ಅವನು ಬೇಲಿಯ ಬಳಿ ಬಂದು ನಿಂತ.

“ಆ ಬಲೆ ಒಂದೆಲ್ಡು ದಿನಕ್ಕೆ ಕೊಡಿ ಸಾ. ಒಂದ್ ಪರಂಗಿನೂ ಉಳ್ಸಾಕಿಲ್ಲ ಅವು.”

ಬಲೆ ಆಗ ನನಗೆ ಬೇಕಿರಲಿಲ್ಲ.

“ಅವ್ಕೂ ಒಟ್ಟೆ ಇಲ್ವೇನ್ಲಾ? ತಿನ್ಲಿ ಬುಡು,” ಎಂದೆ.

ಅಂದಿನಿಂದ ಅವನು ಅನ್ನ ಹಾಕುವುದನ್ನು ಬಿಟ್ಟಿದ್ದಾನೆ. ಈಗ ದಿನಾ ಅಂಗಳ ಗುಡಿಸಿದ ಮೇಲೆ ನಾನೇ ಹಾಕುತ್ತೇನೆ, ಬೇಲಿಯ ಆಚೆಗೆ, ಅವನ ಪರಂಗಿ ಗಿಡಗಳ ಬುಡಕ್ಕೆ.